ಶಾಂತಪ್ಪನ ಏಣಿ

ನನ್ನ ಗಂಡ ನಂದೀಶನನ್ನು ಮಣ್ಣು ಮಾಡಿದ ಮೂರನೆಯ ದಿನ ಅತ್ತೆ ಕೆಲಸಕ್ಕೆ ಹೋದರು. ಎಸ್ಟೇಟಿನಲ್ಲಿ ಹಾಜರಿ ಬರೆಯುವ ರೈಟರ್ ಎರಡು ದಿನದ ರಜೆ ಬರೆದುಕೊಂಡಿದ್ದ. ಮೂರನೆಯ ದಿನ ಹಾಜರಿಗೆ ನಿಲ್ಲದಿದ್ದರೆ ಹೆಸರು ಹೊಡೆಯುತ್ತಾನೆ. ಹೆಸರು ಹೋದರೆ ಎಸ್ಟೇಟು ಕೊಟ್ಟ ಲೈನ್ ಮನೆ ಹೋಗುತ್ತದೆ. ಅತ್ತೆ ಸೊಂಟಕ್ಕೆ ಗೋಣಿ ಕಟ್ಟಿಕೊಂಡರು. ತಲೆಗೆ ಟವೆಲ್ ಸುತ್ತಿದರು. ನನ್ನ ಕಡೆ ನೋಡಲಿಲ್ಲ. "ಗಂಜಿ ಐತೆ, ಉಣ್ಣು" ಅಂದರು. ಹೋದರು.

ನಾನು ಕೊಡ ತೆಗೆದುಕೊಂಡು ನಲ್ಲಿಗೆ ಹೋದೆ. ಹನ್ನೆರಡು ಮನೆಯ ಲೈನಿಗೆ ಒಂದೇ ನಲ್ಲಿ. ಎಂಟು ಗಂಟೆಗೆ ನೀರು ನಿಲ್ಲುತ್ತದೆ. ಮದುವೆಯಾಗಿ ಬಂದ ಆರು ವರ್ಷದಲ್ಲಿ ಅಲ್ಲಿ ಯಾರೂ ನನಗೆ ಜಾಗ ಬಿಟ್ಟಿರಲಿಲ್ಲ. "ಎಂ.ಎ. ಓದಿದೋರಿಗೆ ಬೇರೆ ನೀರು ಬರ್ತದಾ" ಅನ್ನುತ್ತಿದ್ದರು. ನಂದೀಶನಿಗೆ ಪಿಎಚ್.ಡಿ. ಬಂದ ವಾರ ರಾಮಮ್ಮಕ್ಕ ಹಿಂದಿನಿಂದ ಕೂಗಿದ್ದಳು, "ಡಾಕ್ಟ್ರೇ, ಸೊಂಟ ನೋವು, ಒಂದು ಸೂಜಿ ಚುಚ್ಚಿ." ಅವನು ನಿಂತು ತಿರುಗಿ, "ಸೂಜಿ ಇಲ್ಲ ಕಣಕ್ಕ, ಸಮಾಜಶಾಸ್ತ್ರ ಐತೆ, ಚುಚ್ಚಲಾ?" ಅಂದಿದ್ದ. ಲೈನಿನ ಕೊನೆಯ ಮನೆಗೂ ಆ ನಗು ಕೇಳಿತ್ತು. ಈಗ ಅದೇ ರಾಮಮ್ಮಕ್ಕ ತನ್ನ ಕೊಡ ಹಿಂದಕ್ಕೆ ಎಳೆದುಕೊಂಡಳು. "ನೀ ಹಿಡ್ಕೊ" ಅಂದಳು. ನಾನು ಹಿಡಿದೆ. ಆಗ ಅಳು ಬಂದಿದ್ದರೆ ಚೆನ್ನಾಗಿತ್ತು. ಬರಲಿಲ್ಲ.

ಹತ್ತು ಗಂಟೆಗೆ ರವಿ ಬಂದ. ರವಿ ಮತ್ತು ನಂದೀಶ ಇಬ್ಬರೂ ಗುಡ್ಡದ ಮೇಲಿನ ಸ್ನಾತಕೋತ್ತರ ಕೇಂದ್ರದಲ್ಲಿ ಅತಿಥಿ ಉಪನ್ಯಾಸಕರು. ಲೈನಿನವರು ಅದನ್ನು ಕಾಲೇಜು ಅಂತಲೇ ಅನ್ನುತ್ತಾರೆ. ರವಿ ಬಾಗಿಲ ಹೊರಗೇ ನಿಂತ.

"ಅಕ್ಕ, ಸರ್ ಬಂದಿದಾರೆ. ಮೇಲೆ ರೋಡಲ್ಲಿ."

"ಇಲ್ಲಿಗೆ ಬರಕ್ಕೆ ಹೇಳು."

"ಕಾರು ಇಳಿಯಲ್ಲ ಅಕ್ಕ."

"ಕಾರು ಬರೋದು ಬೇಡ. ಅವರು ಬರಲಿ."

ನಾನೇ ಹತ್ತಿ ಹೋದೆ.

ವಿಭಾಗದ ಮುಖ್ಯಸ್ಥರು ಪ್ರೊಫೆಸರ್ ಜಯಪ್ರಕಾಶ್. ಹಿಂದಿನ ಸೀಟಿನಲ್ಲಿ ಕೂತಿದ್ದರು. ಗಾಜು ಅರ್ಧ ಇಳಿಸಿದರು. ತಣ್ಣನೆ ಗಾಳಿ ನನ್ನ ಮುಖಕ್ಕೆ ಬಡಿಯಿತು.

"ಆಗಬಾರದಿತ್ತಮ್ಮ. ಮರುದಿನ ಸೆಮಿನಾರಲ್ಲಿ ಒಂದು ನಿಮಿಷ ಮೌನ ಆಚರಿಸಿದ್ವಿ. ಕುಲಸಚಿವರೂ ಎದ್ದು ನಿಂತ್ರು."

"ಯಾರು ಸತ್ತರು ಅಂತ ಹೇಳಿದ್ರಿ ಸರ್?"

"ಅಂದ್ರೆ?"

"ಮೈಕಲ್ಲಿ. ಏನಂತ ಹೇಳಿದ್ರಿ?"

ಅವರು ಕನ್ನಡಕ ಸರಿ ಮಾಡಿಕೊಂಡರು. "ಕೇಂದ್ರದ ಹಿತೈಷಿ ಅಂತ. ಸಿಬ್ಬಂದಿ ಅನ್ನೋಕೆ ಬರಲ್ಲಮ್ಮ. ಜನವರಿ ಮೂವತ್ತೊಂದಕ್ಕೆ ಅವರು ರಿಲೀವ್ ಆಗಿದ್ರು. ಹೊಸ ಆರ್ಡರ್ ಹದಿನೇಳಕ್ಕೆ. ಮಧ್ಯೆ ಹದಿನಾರು ದಿನ, ಟೆಕ್ನಿಕಲಿ, ಅವರು ನಮ್ಮವರಲ್ಲ."

ಅದು ನನಗೆ ಗೊತ್ತಿತ್ತು. ಪ್ರತಿ ಸೆಮಿಸ್ಟರ್ ಮುಗಿದಾಗ ಅತಿಥಿ ಉಪನ್ಯಾಸಕರನ್ನು ಬಿಡುಗಡೆ ಮಾಡುತ್ತಾರೆ. ಸ್ವಲ್ಪ ದಿನ ಬಿಟ್ಟು ಮತ್ತೆ ತೆಗೆದುಕೊಳ್ಳುತ್ತಾರೆ. ಸೇವೆ ಒಂದೇ ಸಮ ನಡೆಯಿತು ಎಂದು ಯಾರೂ ಹೇಳಬಾರದು, ಅದಕ್ಕೆ. ನಂದೀಶನನ್ನು ಒಂಬತ್ತು ವರ್ಷದಲ್ಲಿ ಹದಿನೆಂಟು ಸಲ ಬಿಡುಗಡೆ ಮಾಡಿದ್ದರು. ಆ ದಿನಗಳಲ್ಲೂ ಅವನು ಹೋಗುತ್ತಿದ್ದ. ಕಡತ ಜೋಡಿಸುತ್ತಿದ್ದ. ಅಂಕ ಏರಿಸುತ್ತಿದ್ದ. ಕುರ್ಚಿ ಹೊರುತ್ತಿದ್ದ. ಹೋಗದಿದ್ದವರಿಗೆ ಹೊಸ ಆದೇಶ ಬರುತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಮಾತ್ರ ಸಹಿ ಮಾಡುವ ಹಾಗಿರಲಿಲ್ಲ. ಟೈಮ್‌ಟೇಬಲಿನಲ್ಲಿ ಖಾಯಂ ಅಧ್ಯಾಪಕರ ಹೆಸರಿನ ಮೊದಲ ಅಕ್ಷರ ಇರುತ್ತದೆ. ಅತಿಥಿಗಳಿಗೆ ಅಕ್ಷರ ಇಲ್ಲ, ಗೆಸ್ಟ್ ಫ್ಯಾಕಲ್ಟಿ ಎಂದು ನಂಬರು. ಜಿ.ಎಫ್. 1. ಜಿ.ಎಫ್. 2. ನಂದೀಶ ಜಿ.ಎಫ್. 3.

ಜಯಪ್ರಕಾಶ್ ಒಂದು ಫೈಲು ಗಾಜಿನ ಸಂದಿಯಿಂದ ಹೊರಗೆ ಚಾಚಿದರು. ಒಳಗೆ ಎರಡು ಹಾಳೆ.

"ಅನುಕಂಪದ ನೌಕರಿ ಅಂತ ಅತಿಥಿಗಳಿಗೆ ಇಲ್ಲ. ಆದ್ರೂ ನಾನು ಮಾತಾಡಿದೀನಿ. ನಿಮಗೂ ಎಂ.ಎ. ಇದೆ. ಕೆ-ಸೆಟ್ ಪಾಸಾಗಿದೆ. ಅದೇ ವರ್ಕ್‌ಲೋಡ್ ನಿಮಗೆ ಕೊಡೋಣ. ಟೈಮ್‌ಟೇಬಲ್ ತಿದ್ದೋದೂ ಬೇಡ."

ಟೈಮ್‌ಟೇಬಲ್ ತಿದ್ದುವುದೂ ಬೇಡ.

"ಇನ್ನೊಂದು ಹಾಳೆ ಬರೀ ಫಾರ್ಮಾಲಿಟಿ. ಸೋಮವಾರ ಹತ್ತಕ್ಕೆ ಬನ್ನಿ. ಎರಡಕ್ಕೂ ಒಟ್ಟಿಗೆ ಸಹಿ ಮಾಡಿದ್ರಾಯ್ತು."

ಗಾಜು ಏರಿತು. ರವಿ ಮುಂದಿನ ಸೀಟಿನಲ್ಲಿ ಕೂತ. ಕಾರು ಹೋಯಿತು. ಅಲ್ಲೇ ನಿಂತು ಎರಡನೆಯ ಹಾಳೆ ಓದಿದೆ. ನನ್ನ ಹೆಸರಿನಲ್ಲಿ ಯಾರೋ ಬರೆದಿದ್ದರು. ನನ್ನ ಪತಿ ದಿನಾಂಕ ಹತ್ತರಂದು ಗ್ರಂಥಾಲಯದ ಪುಸ್ತಕ ಹಿಂದಿರುಗಿಸಲು ಸ್ವಂತ ಕೆಲಸದ ಮೇಲೆ ಕೇಂದ್ರಕ್ಕೆ ಹೋಗಿದ್ದು, ಮೆಟ್ಟಿಲಿನಲ್ಲಿ ಕಾಲು ಜಾರಿ ಬಿದ್ದು ಮೃತಪಟ್ಟಿರುತ್ತಾರೆ. ಈ ಬಗ್ಗೆ ಯಾರ ಮೇಲೂ ನನಗೆ ಯಾವ ದೂರೂ ಇರುವುದಿಲ್ಲ.

ಸುಳ್ಳು ಹೇಳುವುದಿಲ್ಲ. ಲೈನಿಗೆ ಇಳಿಯುವಾಗ ನಾನು ಮೊದಲನೆಯ ಹಾಳೆಯ ಬಗ್ಗೆಯೇ ಯೋಚಿಸುತ್ತಿದ್ದೆ. ವಾರಕ್ಕೆ ಹದಿನೈದು ಗಂಟೆ ಪಾಠ. ಬೋರ್ಡಿನ ಮುಂದೆ ನಿಲ್ಲುವುದು. ಒಂದೇ ಮನೆಯ ಇಬ್ಬರನ್ನು ತೆಗೆದುಕೊಳ್ಳುವುದಿಲ್ಲ ಎಂದು ಆರು ವರ್ಷ ನನ್ನನ್ನು ಹೊರಗಿಟ್ಟಿದ್ದರು. ಈಗ ಮನೆಯಲ್ಲಿ ಓದಿದವಳು ನಾನೊಬ್ಬಳೇ ಉಳಿದಿದ್ದೆ. ಹೋಗಲು ಬೇರೆ ಜಾಗವೂ ಇರಲಿಲ್ಲ. ನನ್ನ ತವರು ಕುಶಾಲನಗರದ ಹತ್ತಿರ. ಹಾಸನದಿಂದ ಬಂದು ಜಮೀನು ಮಾಡಿದ ಮನೆತನ. ಲೈನ್ ಮನೆಯವನನ್ನು ಕಟ್ಟಿಕೊಂಡೆ ಎಂದು ಬಿಟ್ಟುಬಿಟ್ಟವರು. ಅಪ್ಪ ಮಣ್ಣಿಗೂ ಬರಲಿಲ್ಲ. ಅಣ್ಣ ಅಶ್ವಥ್ ಫೋನ್ ಮಾಡಿದ. "ಒಬ್ಬಳೇ ಬರೋದಾದ್ರೆ ಬಾ. ಅವರ ಕಡೆಯೋರು ಯಾರೂ ನಿನ್ನ ನೋಡೋಕೆ ಅಂತ ಬರಬಾರ್ದು" ಅಂದ. ನಾನು ಫೋನ್ ಇಟ್ಟೆ.

ಸಂಜೆ ಅತ್ತೆ ಬಂದರು. ಇಡೀ ದಿನ ಕರಿಮೆಣಸು ಆಯ್ದ ಕೈ. ಬೆರಳ ತುದಿ ಕಪ್ಪು ಹಸಿರು. ಉಗುರಿನ ಸಂದಿ ಉರಿಯುತ್ತದೆ ಎಂದು ನೀರಿನಲ್ಲಿ ಅದ್ದಿಕೊಂಡು ಕೂತರು. ಮಾವ ಮಲ್ಲ ಜಗಲಿಯಲ್ಲಿದ್ದರು. ಮೂವತ್ತು ವರ್ಷ ಮೆಣಸು ಕೊಯ್ಯಲು ಮರ ಹತ್ತಿದವರು. ಮರದಿಂದ ಬಿದ್ದು ಎಡಗಾಲು ಸೊಟ್ಟಗಾದ ಮೇಲೆ ನರ್ಸರಿಗೆ ನೀರು ಹಾಕುತ್ತಾರೆ. ಇಬ್ಬರಿಗೂ ಹಾಳೆ ಓದಿ ಹೇಳಿದೆ.

ಮಾವ ಕೇಳಿದ್ದು ಒಂದೇ. "ಮೆಟ್ಲಾ? ಏಣಿ ಎಲ್ಲೋಯ್ತು?"

ಅವನು ಬೀಳುವ ಹಿಂದಿನ ದಿನ, ಭಾನುವಾರ, ಜಯಪ್ರಕಾಶ್ ಮಾಡಿದ ಫೋನ್ ನಾವೆಲ್ಲ ಕೇಳಿದ್ದೆವು. ನಂದೀಶನ ಫೋನಿನ ಸ್ಪೀಕರ್ ಹಾಕದಿದ್ದರೆ ಏನೂ ಕೇಳುತ್ತಿರಲಿಲ್ಲ. ಅಷ್ಟು ಹಳೆಯದು. ಮಂಗಳವಾರ ಸೆಮಿನಾರು. ಪೋರ್ಟಿಕೋದ ಮೇಲೆ, ಇಪ್ಪತ್ತು ಅಡಿ ಎತ್ತರದಲ್ಲಿ ಬ್ಯಾನರ್ ಕಟ್ಟಬೇಕು. ಕಟ್ಟುವ ಏಜೆನ್ಸಿಯವನು ಕೈ ಕೊಟ್ಟ. ಆಗ ಜಯಪ್ರಕಾಶ್ ಹೇಳಿದ ಮಾತು ನನಗೆ ಬಾಯಿಪಾಠ. "ನಿಮ್ಮ ಲೈನಲ್ಲಿ ಮೆಣಸು ಕೊಯ್ಯೋ ಏಣಿ ಇರುತ್ತಲ್ಲ ನಂದೀಶ್. ತಗೊಂಡ್ಬನ್ನಿ. ಹತ್ತೋದು ನಿಮ್ಮೋರಿಗೆ ಹೇಳಿಕೊಡಬೇಕಾ?"

ಮೆಣಸಿನ ಏಣಿಗೆ ಎರಡು ಕಾಲಿಲ್ಲ. ಒಂದೇ ಬಿದಿರು. ಗೆಣ್ಣಿಗೆ ಒಂದೊಂದು ಗೂಟ. ಅದನ್ನು ಮರಕ್ಕೆ ಒರಗಿಸಿ, ತುದಿಯನ್ನು ಹಗ್ಗದಿಂದ ಕಾಂಡಕ್ಕೆ ಬಿಗಿದು ಹತ್ತುತ್ತಾರೆ. ಹಗ್ಗ ಇಲ್ಲದೆ ಅದು ನಿಲ್ಲುವುದಿಲ್ಲ. ಮಾವ ಅವತ್ತೇ ಹೇಳಿದ್ದರು. "ಗೋಡೆಗೆ ಬ್ಯಾಡ ಮಗ. ಗೋಡೆಗೆ ಎಲ್ಲಿ ಕಟ್ತೀಯ?" ನಂದೀಶ ನನ್ನ ಮುಖ ನೋಡಿದ. ಬೇಡ ಅನ್ನಲು ಅವನಿಗೆ ಒಂದು ಮಾತು ಬೇಕಿತ್ತು. ನಾನು ಅಂದೆ, "ಒಂದು ದಿನ ತಾನೇ. ಆರ್ಡರ್ ಕೈಗೆ ಬರಲಿ. ಹೇಳಿದ್ದು ಮಾಡಿ ಬಾ."

ಅವನು ನಾಲ್ಕನೆಯ ಮನೆಯ ಶಾಂತಪ್ಪನ ಹತ್ತಿರ ಹೋಗಿ ಏಣಿ ಕೇಳಿ ತಂದ. ಸೋಮವಾರ ಬೆಳಿಗ್ಗೆ ರವಿ ಬಂದ. ಇಬ್ಬರೂ ಹೆಗಲ ಮೇಲೆ ಹೊತ್ತು ಮೂರು ಕಿಲೋಮೀಟರ್ ನಡೆದರು. ಇಬ್ಬರೂ ಇಸ್ತ್ರಿ ಮಾಡಿದ ಷರಟು ಹಾಕಿದ್ದರು. ಹೆಗಲಿಗೆ ಟವೆಲ್ ಮಡಿಸಿ ಇಟ್ಟುಕೊಳ್ಳಿ ಎಂದು ಟವೆಲ್ ಕೊಟ್ಟವಳೂ ನಾನೇ.

ಆ ಸೆಮಿನಾರಿನ ವಿಷಯ, ವಿಶ್ವವಿದ್ಯಾಲಯದ ಅಧ್ಯಾಪಕರಲ್ಲಿ ವೃತ್ತಿ ಛಲ ಮತ್ತು ಯಶಸ್ಸು. ಜಯಪ್ರಕಾಶರ ಸಂಶೋಧನೆ. ಅದಕ್ಕಾಗಿ ಎರಡು ವರ್ಷ ನಂದೀಶ ಬೈಕಿನಲ್ಲಿ ಕೊಡ್ಲಿಪೇಟೆಯಿಂದ ತಿತಿಮತಿಯವರೆಗೆ ಕಾಲೇಜು ಕಾಲೇಜಿಗೆ ಅಲೆದು ಪ್ರಶ್ನಾವಳಿ ತುಂಬಿಸಿ ತಂದಿದ್ದ. ನಲವತ್ತು ಪ್ರಶ್ನೆ. ಒಂದೊಂದಕ್ಕೂ ಒಂದರಿಂದ ಐದು ಅಂಕ. ಖಾಯಂ ಅಧ್ಯಾಪಕರು ಮನಸ್ಸಿಗೆ ಬಂದಂತೆ ಎರಡು ಮೂರು ಹಾಕಿದ್ದರು. ಕೆಲವರು ಬೈದೂ ಬರೆದಿದ್ದರು. ಅತಿಥಿಗಳೆಲ್ಲ ಐದೇ ಹಾಕಿದ್ದರು. ಫಾರಮ್ಮಿನ ಮೂಲೆಯಲ್ಲಿ ಜಿ.ಎಫ್. ನಂಬರು ಇತ್ತಲ್ಲ. ನಂದೀಶನೂ ನಲವತ್ತಕ್ಕೂ ಐದು ಹಾಕಿದ್ದ. ಅಂಕ ಕೂಡಿಸಿದ್ದು ನಾನು. ಪ್ರಬಂಧ ಟೈಪ್ ಮಾಡಿದ್ದೂ ನಾನು. ಅತಿಥಿ ಉಪನ್ಯಾಸಕರಲ್ಲಿ ಛಲದ ಪ್ರಮಾಣ ಅತಿ ಹೆಚ್ಚು ಎಂದು ಕೊನೆಗೆ ಬಂತು. ಇಬ್ಬರೂ ಅದನ್ನು ಓದಿ ನಕ್ಕಿದ್ದೆವು.

ಅತ್ತೆ ಕೈಯನ್ನು ನೀರಿನಿಂದ ತೆಗೆದರು.

"ಶಾಂತಪ್ಪ ಇವತ್ತೂ ಗೇಟಿಂದ ವಾಪಸ್ ಬಂದ. ಏಣಿ ಇಲ್ದೋನಿಗೆ ಮರ ಇಲ್ಲ ಅಂದ್ನಂತೆ ರೈಟರು."

ಶಾಂತಪ್ಪ ಗುತ್ತಿಗೆಗೆ ಮರ ಹತ್ತುವವ. ಗುತ್ತಿಗೆಯವರು ಸ್ವಂತ ಏಣಿ ತರಬೇಕು. ಮೆಣಸಿನ ಕೊಯ್ಲು ವರ್ಷಕ್ಕೆ ಎರಡು ತಿಂಗಳು.

"ಏಣಿ ಕೇಳಿದ್ನಾ ಅತ್ತೆ?"

"ಸಾವಿನ ಮನೇಲಿ ಏಣಿ ಕೇಳ್ತಾರೇನವ್ವ? ಕೇಳ್ನಿಲ್ಲ. ಬೀಡಿ ಸೇದ್ತಾ ಕೂತವ್ನೆ."

ಶನಿವಾರ ಚೆಟ್ಟಳ್ಳಿ ಬಸ್ ಸ್ಟಾಂಡಿನಲ್ಲಿ ರವಿಯನ್ನು ಹಿಡಿದೆ. ಅವನು ಬಸ್ಸು ಹತ್ತಲು ನೋಡಿದ. ನಾನು ಬಾಗಿಲಿಗೆ ಅಡ್ಡ ನಿಂತೆ. ಕಂಡಕ್ಟರ್ ಬೈದ. ಬಸ್ಸು ಹೋಯಿತು.

"ಏಣಿ ಬುಡ ಯಾರು ಹಿಡಿದಿದ್ದು ರವಿ?"

"ನಾನು."

"ಹಿಡಿದಿದ್ರೆ ಹೇಗೆ ಬಿತ್ತು?"

ಅವನು ಹೆಗಲ ಚೀಲ ಕೆಳಗಿಟ್ಟ.

"ಸರ್ ಕರೆದ್ರು. ಗಾಡಿಯಿಂದ ಶಾಲು, ಹಾರ, ಮೈಸೂರು ಪೇಟ ಇಳಿಸೋಕೆ. ಇವನು ಮೇಲಿದಾನೆ ಸರ್ ಅಂದೆ. ಎರಡು ನಿಮಿಷ ಬನ್ರಿ ಅಂದ್ರು. ನಂದೀಶ, ಇಳಿ ಅಂದೆ ಅಕ್ಕ. ದೇವರಾಣೆ ಅಂದೆ. ಒಂದು ಗಂಟು ಬಾಕಿ, ನೀ ಹೋಗು ಅಂದ."

"ಆಮೇಲೆ?"

"ಕೆಳಗೆ ಟೈಲ್ಸು. ಗೆಸ್ಟ್ ಬರ್ತಾರೆ ಅಂತ ಆವತ್ತೇ ಪಾಲಿಶ್ ಹಾಕಿಸಿದ್ರು. ಬುಡ ಜಾರ್ತು."

"ಏಣಿ ಎಲ್ಲಿ?"

"ಅಕ್ಕ, ಸೋಮವಾರ ನನ್ನ ಆರ್ಡರೂ ಇದೆ."

"ನಾನು ಕೇಳಿದ್ದು ಏಣಿ."

"ಹಿಂದೆ. ಜನರೇಟರ್ ರೂಮಲ್ಲಿ."

"ಇದನ್ನ ಬರೆದು ಕೊಡ್ತೀಯಾ?"

ಅವನು ಮುಖ ಮುಚ್ಚಿಕೊಂಡ. "ಬೈದುಬಿಡು ಅಕ್ಕ. ಎರಡು ಹೊಡಿ ಬೇಕಾದ್ರೆ."

ನಾನು ಬೈಯಲಿಲ್ಲ. ಬುಡ ಬಿಟ್ಟವನು ರವಿ. ಹೋಗಿ ಬಾ ಅಂದವಳು ನಾನು. ಬೈದರೆ ಇಬ್ಬರಿಗೂ ಬೈಯಬೇಕಿತ್ತು.

ಸೋಮವಾರ ಬೆಳಿಗ್ಗೆ ಅತ್ತೆ ಹಾಜರಿಗೆ ಹೋಗಲಿಲ್ಲ. ಗೋಣಿ ಕಟ್ಟಲಿಲ್ಲ. ಮದುವೆಗೆ ಉಟ್ಟಿದ್ದ ಸೀರೆ ಉಟ್ಟುಕೊಂಡು ಬಂದು ಬಾಗಿಲಲ್ಲಿ ನಿಂತರು.

"ರೈಟರ್ ಹೆಸರು ಹೊಡೀತಾನೆ ಅತ್ತೆ."

"ಒಂದಿನಕ್ಕೆ ಹೊಡ್ಯಲ್ಲ. ಏಣಿ ಒಬ್ರು ಹೊರೋಕಾಗಲ್ಲ, ನಡಿ."

ನಾನು ಸಹಿ ಹಾಕುತ್ತೇನೋ ಇಲ್ಲವೋ ಎಂದು ಅವರು ಕೇಳಲಿಲ್ಲ. ನನಗೂ ಗೊತ್ತಿರಲಿಲ್ಲ. ಏಣಿ ಕೇಳಿ ಪಡೆದು, ಸಹಿಯನ್ನೂ ಹಾಕಿಬಿಡಬಹುದು ಎಂದು ದಾರಿಯುದ್ದಕ್ಕೂ ಅನ್ನಿಸುತ್ತಿತ್ತು. ಸತ್ತವನು ಮೆಟ್ಟಿಲಿನಿಂದ ಬಿದ್ದರೇನು, ಏಣಿಯಿಂದ ಬಿದ್ದರೇನು. ಬದುಕಿದವರು ಉಣ್ಣಬೇಕು. ಹೀಗೆಲ್ಲ ಹೇಳಿಕೊಂಡೆ. ಚೀಲದಲ್ಲಿ ಪೆನ್ನು ಇತ್ತು.

ಪೋರ್ಟಿಕೋದಲ್ಲಿ ಬ್ಯಾನರ್ ಇನ್ನೂ ಇತ್ತು. ಜಯಪ್ರಕಾಶರ ಫೋಟೋ ಇತ್ತು. ಕುಲಸಚಿವರ ಫೋಟೋ ಇತ್ತು. ಮೇಲಿನ ಬಲಮೂಲೆ ಜೋತು ಬಿದ್ದಿತ್ತು. ಆ ಒಂದು ಗಂಟು ಯಾರೂ ಹಾಕಿರಲಿಲ್ಲ. ಹಾಗೇ ಸೆಮಿನಾರ್ ಮುಗಿಸಿದ್ದರು. ಅತ್ತೆ ಕೆಳಗಿನ ಟೈಲ್ಸಿನ ಮೇಲೆ ಕಾಲಿಡಲಿಲ್ಲ. ಸುತ್ತಿಕೊಂಡು ಬಂದರು.

ಚೇಂಬರಿನ ಹೊರಗೆ ಅತಿಥಿ ಉಪನ್ಯಾಸಕರು ಸಾಲಾಗಿ ನಿಂತಿದ್ದರು. ಹಳಬರು, ಹೊಸಬರು. ರವಿ ಎರಡನೆಯವನು. ನಮ್ಮನ್ನು ಕಂಡು ಕೈಯಲ್ಲಿದ್ದ ಫೈಲು ಬಿಡಿಸಿ ಓದತೊಡಗಿದ.

"ಬನ್ನಿ ಬನ್ನಿ" ಅಂದರು ಜಯಪ್ರಕಾಶ್. "ಇವರು?"

"ನಂದೀಶನ ತಾಯಿ. ಕೆಂಚಿ ಅಂತ."

"ಹೊರಗೆ ಕೂರ್ಲಿ ಪಾಪ."

"ಹೊರಗೆ ಕುರ್ಚಿ ಇಲ್ಲ ಸರ್."

ಅತ್ತೆ ಬಾಗಿಲಲ್ಲೇ ನಿಂತರು. ಜಯಪ್ರಕಾಶ್ ನನ್ನ ಮುಂದೆ ಪೆನ್ನು ಇಟ್ಟರು. ನಾನು ಹಾಳೆಗಳನ್ನು ಮೇಜಿನ ಮೇಲಿಟ್ಟೆ.

"ಸರ್, ಮೊದಲು ಏಣಿ ಕೊಡಿ. ಅದು ಶಾಂತಪ್ಪನದು. ಅವನಿಗೆ ಕೆಲಸ ನಿಂತಿದೆ."

"ಯಾವ ಏಣಿ?"

"ನೀವು ಫೋನಲ್ಲಿ ತರೋಕೆ ಹೇಳಿದ್ದು."

"ನೋಡಮ್ಮ. ನಿಮ್ಮ ದುಃಖ ಅರ್ಥ ಆಗುತ್ತೆ. ಅವರು ಬಿದ್ದಿದ್ದು ಮೆಟ್ಟಿಲಲ್ಲಿ. ಪೊಲೀಸ್ ರಿಪೋರ್ಟೂ ಹಾಗೇ ಇದೆ. ಏಣಿ ಅಂತ ಈ ಕ್ಯಾಂಪಸ್ಸಿಗೆ ಬಂದೇ ಇಲ್ಲ."

"ಬ್ಯಾನರ್ ಯಾರು ಕಟ್ಟಿದ್ರು?"

"ಏಜೆನ್ಸಿ."

"ಏಜೆನ್ಸಿಯವರು ಒಂದು ಮೂಲೆ ಬಿಟ್ಟು ಹೋಗ್ತಾರಾ ಸರ್?"

ಅವರು ಕುರ್ಚಿಗೆ ಒರಗಿದರು. ಧ್ವನಿ ಮೆತ್ತಗೆ ಮಾಡಿದರು. ತರಗತಿಯಲ್ಲಿ ಮಾಡುವ ಹಾಗೆ.

"ನಿಮ್ಮ ಒಳ್ಳೇದಕ್ಕೆ ಹೇಳ್ತೀನಿ ಕೇಳಿ. ಈ ವೃತ್ತಿಯಲ್ಲಿ ಛಲ ಬೇಕು. ಬಿದ್ದ ಮೇಲೆ ಎದ್ದು ನಿಲ್ಲೋರೇ ಮುಂದೆ ಬರೋದು. ನನ್ನ ಪೇಪರ್ ಪೂರ್ತಿ ಇದರ ಮೇಲೇ ಇದೆ."

"ಗೊತ್ತು ಸರ್. ಟೈಪ್ ಮಾಡಿದ್ದು ನಾನು. ಬಿದ್ದ ಮೇಲೆ ಏಳೋದು ಹದಿನೇಳನೇ ಪ್ರಶ್ನೆ. ನಂದೀಶ ಐದು ಹಾಕಿದ್ದ."

ಬಾಗಿಲಿನಿಂದ ಅತ್ತೆ ಮಾತಾಡಿದರು. ಕಾಲೇಜಿನೊಳಗೆ ಅವರು ಆಡಿದ ಮೊದಲ ಮಾತು.

"ಸ್ವಾಮಿ, ನನ್ ಮಗ ಏಳ್ನಿಲ್ಲ."

ನಾನು ಪೆನ್ನಿನ ಮುಚ್ಚಳ ಹಾಕಿದೆ. ಮೇಜಿನ ಮೇಲೆ ಅವರ ಕಡೆಗೆ ಉರುಳಿಸಿದೆ.

"ನಾನು ಸಹಿ ಮಾಡಲ್ಲ."

"ಯೋಚನೆ ಮಾಡಿ. ಮತ್ತೆ ಬಂದು ಕೇಳಿದ್ರೆ ಇರಲ್ಲ ಇದು."

"ಕೇಳಲ್ಲ."

"ಇನ್ನೊಬ್ರು ಇದಾರೆ ಲಿಸ್ಟಲ್ಲಿ. ಹನ್ನೊಂದಕ್ಕೆ ಕ್ಲಾಸಿದೆ ನನಗೆ."

"ಹಾಕ್ಕೊಳ್ಳಿ ಸರ್. ಅವನು ಬಿದ್ದ ಜಾಗದ ಮೇಲೆ ನಡೆದು ಬಂದು, ಅವನ ನಂಬರ್ ತಗೊಂಡು, ಅವನು ಇಲ್ಲಿಗೆ ಕೆಲಸಕ್ಕೆ ಬಂದೇ ಇರಲಿಲ್ಲ ಅಂತ ನಾನು ಪಾಠ ಮಾಡಲ್ಲ."

ಹೊರಗೆ ಬಂದೆವು. ಹಿಂದೆಯೇ ಗುಮಾಸ್ತ ಬಂದು ಕೂಗಿದ, "ಜಿ.ಎಫ್. ಮೂರು ಯಾರ್ರೀ? ಒಳಗೆ ಬನ್ನಿ." ಸಾಲಿನ ಕೊನೆಯಲ್ಲಿದ್ದ ಹುಡುಗಿಯೊಬ್ಬಳು ಮುಂದೆ ಬಂದಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಹೊಸ ಚಪ್ಪಲಿ. ನನ್ನನ್ನು ದಾಟುವಾಗ ಸಣ್ಣಗೆ "ಸಾರಿ ಮೇಡಂ" ಅಂದಳು. ಅವಳ ತಪ್ಪೇನೂ ಇರಲಿಲ್ಲ.

ಕಟ್ಟಡದ ಹಿಂದೆ ಕಸ ಗುಡಿಸುವ ಗಂಗಮ್ಮ ಇದ್ದಳು. ದಿನಗೂಲಿಯವಳು. ನಮ್ಮನ್ನು ನೋಡಿ ಪೊರಕೆ ಕೆಳಗಿಟ್ಟಳು. ಸೆರಗಿನ ಗಂಟು ಬಿಚ್ಚಿ ಜನರೇಟರ್ ರೂಮಿನ ಕೀ ತೆಗೆದಳು.

"ಯಾರಾದ್ರು ಕೇಳಿದ್ರೆ ಗುಡ್ಸೋಕೆ ತೆಗ್ದೆ ಅಂತೀನಿ. ಬೇಗ ಹೋಗಿ."

ಜನರೇಟರಿನ ಹಿಂದೆ, ಗೋಡೆಗೆ ಒರಗಿಸಿ, ಏಣಿ ಇತ್ತು. ಮೂರು ತುಂಡು. ಗರಗಸದಲ್ಲಿ ಕೊಯ್ದಿದ್ದರು. ಕೊಯ್ದ ಬಾಯಿ ಇನ್ನೂ ಬೆಳ್ಳಗಿತ್ತು.

"ಬುಧ್ವಾರ ಕುಯ್ದ್ರು" ಅಂದಳು ಗಂಗಮ್ಮ. "ಒಳಗೆ ಹಿಡೀಲಿಲ್ಲ ಅಂತ. ಸುಡಿ ಅಂದಿದ್ರು. ಹೊಗೆ ಕಾಣ್ತದೆ ಅಂತ ಸುಡ್ನಿಲ್ಲ."

ತುದಿಯ ತುಂಡಿನಲ್ಲಿ ಹಗ್ಗ ಇತ್ತು. ಸುತ್ತಿದ್ದು ಸುತ್ತಿದ ಹಾಗೇ ಇತ್ತು. ಅವನು ಹಗ್ಗ ಒಯ್ದಿದ್ದ. ಕಟ್ಟಲು ಜಾಗ ಸಿಕ್ಕಿರಲಿಲ್ಲ. ಅತ್ತೆ ಆ ಹಗ್ಗವನ್ನು ಮುಟ್ಟಿದರು. ಬಾಯಿಗೆ ಸೆರಗು ತುರುಕಿಕೊಂಡರು. ಸದ್ದು ಹೊರಗೆ ಬರಲಿಲ್ಲ.

ಎರಡು ತುಂಡು ಅತ್ತೆ ಹೊತ್ತರು. ಒಂದು ನಾನು. ಹಿಂದಿನಿಂದ ಹೋಗಿ ಅಂದಳು ಗಂಗಮ್ಮ. ನಾವು ಮುಂದಿನಿಂದ ಹೋದೆವು. ಕಾರಿಡಾರಿನಲ್ಲಿ ಸಾಲು ಹಾಗೇ ಇತ್ತು. ಏಣಿಯ ಗೂಟ ಯಾರದೋ ತೋಳಿಗೆ ತಗುಲಿತು. ರವಿ ಫೈಲಿನಿಂದ ತಲೆ ಎತ್ತಿದ. ಒಂದು ಹೆಜ್ಜೆ ಮುಂದಿಟ್ಟ. ಒಳಗಿನಿಂದ "ಜಿ.ಎಫ್. ಎರಡು" ಎಂದು ಕೂಗಿದರು. ಅವನು ಒಳಗೆ ಹೋದ.

ಗೇಟಿನಲ್ಲಿ ವಾಚ್‌ಮನ್ ತಡೆದ. "ಕಾಲೇಜ್ ಸಾಮಾನು ಹಂಗೆಲ್ಲ ತಗೊಂಡೋಗಂಗಿಲ್ಲ. ಪಾಸ್ ಬೇಕು."

"ಏಣಿ ಇಲ್ಲಿಗೆ ಬಂದೇ ಇಲ್ಲ ಅಂದ್ರು ನಿಮ್ಮ ಸಾಹೇಬ್ರು. ಬರದೇ ಇದ್ದಿದ್ದಕ್ಕೆ ಪಾಸ್ ಕೇಳ್ತೀಯಾ? ಹೋಗಿ ಕೇಳ್ಕೊಂಡು ಬಾ. ನಿಂತಿರ್ತೀವಿ."

ಅವನು ಕಟ್ಟಡದ ಕಡೆ ನೋಡಿದ. ನಮ್ಮ ಕಡೆ ನೋಡಿದ. ಗೇಟು ತೆಗೆದ.

ಮೂರು ಕಿಲೋಮೀಟರ್. ಬಿಸಿಲು. ಬಿದಿರಿನ ಗೂಟ ಕುತ್ತಿಗೆಗೆ ಒತ್ತುತ್ತಿತ್ತು. ನಾನು ಹೆಗಲು ಬದಲಾಯಿಸುತ್ತಿದ್ದೆ. ಅತ್ತೆ ಬದಲಾಯಿಸಲಿಲ್ಲ. ಜೀಪಿನವರು ನಿಧಾನ ಮಾಡಿ ನೋಡಿ ಹೋದರು. ಅರ್ಧ ದಾರಿಯಲ್ಲಿ ನನಗೆ ಭಯ ಶುರುವಾಯಿತು. ಕೆಲಸ ಹೋಯಿತು. ಅತ್ತೆಯ ಹಾಜರಿಯೂ ಹೋಯಿತು. ಕೈಗೆ ಬಂದದ್ದು ಮುರುಕು ಬಿದಿರು. ಇದನ್ನು ಯಾವ ಮುಖದಲ್ಲಿ ಕೊಡಲಿ?

ಶಾಂತಪ್ಪ ಮನೆ ಮುಂದೆ ಸೌದೆ ಸೀಳುತ್ತಿದ್ದ. ನಮ್ಮನ್ನು ನೋಡಿ ಕೊಡಲಿ ಇಟ್ಟ. ನಾವು ತುಂಡುಗಳನ್ನು ಅಂಗಳದಲ್ಲಿ ಇಳಿಸಿದೆವು. ಅವನು ಬಂದು ಅವುಗಳನ್ನು ಸಾಲಾಗಿ ಇಟ್ಟ. ಬುಡ, ನಡು, ತುದಿ. ಕೊಯ್ದ ಕಡೆ ಬೆರಳಾಡಿಸಿದ.

"ಯಾರು ಕುಯ್ದಿದ್ದು?"

"ಕಾಲೇಜಿನವರು."

"ಕಾಲೇಜಿಗೆ ಕೈ ಅದಾ ಅಮ್ಮ? ಆಳು ಯಾರು?"

"ಕುಯ್ದವನು ಗೊತ್ತಿಲ್ಲ. ಕುಯ್ಸಿದ್ದು ಜಯಪ್ರಕಾಶ್."

"ಎರಡು ಮಳೆಗಾಲ ಒಲೆ ಮೇಲೆ ಹೊಗೆಗೆ ಕಟ್ಟಿದ್ದ ಬಿದ್ರು ಇದು" ಅಂದ. ಅದು ಬೈಗುಳಕ್ಕಿಂತ ಕಷ್ಟವಾಯಿತು.

"ಶಾಂತಪ್ಪಣ್ಣ, ಸ್ಟೇಷನ್ನಿಗೆ ದೂರು ಕೊಡಿ."

ಅವನು ನಕ್ಕ. "ಏಣಿಗಾ? ಒದ್ದು ಕಳಿಸ್ತಾರೆ."

"ನಂದೀಶನಿಗೆ ಅವತ್ತು ಆರ್ಡರ್ ಇರಲಿಲ್ಲ. ಅದಕ್ಕೆ ಅವನು ಅಲ್ಲಿ ಕೆಲಸ ಮಾಡ್ಲೇ ಇಲ್ಲ ಅಂತಾರೆ. ಏಣಿಗೆ ಆರ್ಡರ್ ಬೇಕಿಲ್ಲ. ಏಣಿ ನಿಮ್ಮದು. ಅದು ಅಲ್ಲಿಗೆ ಹೇಗೆ ಹೋಯ್ತು, ಯಾಕೆ ಹೋಯ್ತು, ಯಾಕೆ ಕುಯ್ದ್ರು, ಅವರೇ ಹೇಳಬೇಕಾಗುತ್ತೆ."

ಶಾಂತಪ್ಪ ಬೀಡಿ ತೆಗೆದ. ಹಚ್ಚಲಿಲ್ಲ.

"ಆಮೇಲೆ ರೈಟರ್ ನಂಗೆ ಮರ ಕೊಡಲ್ಲ. ಅವ್ರೆಲ್ಲ ಒಂದೇ."

"ಕೊಡದೇ ಇರಬಹುದು" ಅಂದೆ. ಸುಳ್ಳು ಹೇಳಲು ಆಗಲಿಲ್ಲ.

ನಮ್ಮ ಜಗಲಿಯಿಂದ ಮಾವ ಕುಂಟುತ್ತ ಬಂದಿದ್ದರು. ಕೋಲು ಊರಿ ನಿಂತು ಏಣಿಯ ತುದಿ ನೋಡಿದರು. "ಗೋಡೆಗೆ ಕಟ್ಟೋಕಾಗಲ್ಲ ಅಂತ ಹೇಳಿದ್ದೆ ಕಣೋ ಶಾಂತ" ಅಂದರು. ಮಗ ಸತ್ತ ಮೇಲೆ ಅವರು ಮೊದಲ ಸಲ ಜೋರಾಗಿ ಅತ್ತರು. ಗಂಡಸು ಅಳುವುದನ್ನು ಕೇಳಿ ಪಕ್ಕದ ಮನೆಯ ಬಾಗಿಲು ತೆರೆಯಿತು. ಮತ್ತೊಂದು ತೆರೆಯಿತು. ಯಾರೂ ಹತ್ತಿರ ಬರಲಿಲ್ಲ.

ಶಾಂತಪ್ಪ ಕುಕ್ಕರುಗಾಲಿನಲ್ಲಿ ಕೂತ.

"ಬರಿ ಅಮ್ಮ."

ಚೀಲದಿಂದ ಬಿಳಿ ಹಾಳೆ ತೆಗೆದೆ. ಬರೆದೆ. ಓದಿ ಹೇಳಿದೆ. ಫೆಬ್ರವರಿ ಒಂಬತ್ತರ ಸಂಜೆ, ಮಲ್ಲನ ಮಗ ನಂದೀಶ್ ಕಾಲೇಜಿನ ಕೆಲಸಕ್ಕೆಂದು ನನ್ನ ಮೆಣಸಿನ ಏಣಿ ಕೇಳಿ ಪಡೆದಿದ್ದರು. ಹತ್ತರಂದು ಅದೇ ಏಣಿಯಿಂದ ಬಿದ್ದು ತೀರಿಕೊಂಡರು. ಕಾಲೇಜಿನವರು ಏಣಿಯನ್ನು ಕೊಯ್ದು ಮುಚ್ಚಿಟ್ಟಿದ್ದರು. ಇಂದು ಅದು ಮೂರು ತುಂಡಾಗಿ ವಾಪಸ್ ಬಂದಿದೆ.

"ಏಳು ದಿನ ಮರ ಹತ್ಲಿಲ್ಲ ಅಂತಾನೂ ಬರಿ."

ಬರೆದೆ. ಅವನು ಪೆನ್ನು ಇಸಿದುಕೊಂಡ. ಗಟ್ಟಿಯಾಗಿ ಒತ್ತಿ, ಒಂದೊಂದೇ ಅಕ್ಷರ ಬರೆದ. ಶಾಂತಪ್ಪ. ಹಾಳೆಯ ಇನ್ನೊಂದು ಬದಿಗೂ ಅಚ್ಚು ಮೂಡಿತು.

"ನಾಳೆ ಹೋಗಾನ. ನಾಳೆ ಅಂದ್ರೆ ನಾಳೆನೇ. ನಾಳಿದ್ದಿಗೆ ನಂಗೆ ಭಯ ಬಂದ್ಬಿಡ್ತದೆ."

ಆಯಿತು ಅಂದೆ. ಏಳಲು ಹೋದೆ. ಅವನು ತಡೆದ.

"ಹಂಗೆ ನೆಲದ ಮೇಲೆ ಬಿಟ್ಟು ಹೋಗಬ್ಯಾಡಿ. ಅವ್ನು ನನ್ನ ಕೈಯಿಂದ ಇಸ್ಕೊಂಡು ಹೋಗಿದ್ದ. ಕೈಗೆ ಕೊಡಿ."

ಎರಡೂ ಕೈ ಚಾಚಿದ. ಅತ್ತೆ ಬುಡದ ತುಂಡು ಎತ್ತಿ ಕೊಟ್ಟರು. ನಡುವಿನದು ಕೊಟ್ಟರು. ಹಗ್ಗ ಸುತ್ತಿದ ತುದಿ ನಾನು ಕೊಟ್ಟೆ.